ಹೇಳಿದರೆ ಗುಣ ಹೋಗುತ್ತದಂತೆ

"ಕುಡೀತಾರಾ?"

ಅವನು ಕೇಳಿದ್ದು ಅಷ್ಟೇ. ಆಶಾರಾಣಿಗೆ ಸಿಟ್ಟು ನೆತ್ತಿಗೇರಿತು.

ಅವಳ ಸಿಟ್ಟು ಯಶವಂತಪುರದ ಮಾರ್ಕೆಟ್ಟಿಗೆಲ್ಲ ಗೊತ್ತಿದ್ದದ್ದೇ. ನಿಂಬೆಹಣ್ಣಿನ ರಾಶಿಯ ಹಿಂದಿನಿಂದ ಅವಳು ಒಮ್ಮೆ ಗುರಾಯಿಸಿದರೆ ಈರುಳ್ಳಿ ಲಾರಿಗಳು ಡ್ರೈವರ್ ಇಲ್ಲದೆಯೇ ರಿವರ್ಸ್ ಹೋಗುತ್ತಿದ್ದವು. ಸುಳ್ಳು ಅನ್ನುವವರು ಹಮಾಲಿ ಪಂಚಪ್ಪನನ್ನು ನೋಡಿ ಬನ್ನಿ. ಅವನ ಮೀಸೆ ಒಂದು ಕಡೆ ಇನ್ನೂ ಸುಟ್ಟ ಹಾಗೇ ಇದೆ.

ಅಂಥವಳನ್ನು ಹೆಬ್ಬಾಳದ ದೊಡ್ಡ ಆಸ್ಪತ್ರೆಯಲ್ಲಿ, ಅಪ್ಪನ ಎದುರಿಗೇ ಹೀಗೆ ಕೇಳಿಬಿಟ್ಟನಲ್ಲ...

"ನಮ್ಮಪ್ಪ ಕುಡಿಯೋದು ಮಜ್ಜಿಗೆ ಕಣ್ರೀ. ಲಿವರ್ ಹಾಳಾದೋರೆಲ್ಲ ಕುಡುಕರಾ? ನಿಮ್ಮಂಥೋರು ಕೇಳಿ ಕೇಳೇ ನಮ್ಮ ನೆಂಟರು ಮನೆಗ್ ಬರೋದು ಬಿಟ್ಟಿದ್ದು."

"ಎಲ್ಲರನ್ನೂ ಕೇಳ್ಲೇಬೇಕು ಮೇಡಂ," ಅಂದ ಮಹೇಂದ್ರ. ತಣಿಸಂದ್ರದ ಹುಡುಗ. ಆಸ್ಪತ್ರೆಯ ಹೊಸ ಅಧ್ಯಯನಕ್ಕೆ ಬರುವ ರೋಗಿಗಳನ್ನು ನೋಡಿಕೊಳ್ಳುವುದು ಅವನ ಕೆಲಸ.

ಗಾಲಿಕುರ್ಚಿಯಲ್ಲಿ ಕೂತಿದ್ದ ಅಪ್ಪ ಮುನಿಆಂಜಿನಪ್ಪ ನಕ್ಕರು. "ಬಿಡಪ್ಪ, ಇವಳು ದೇವರನ್ನೂ ಬಯ್ದೇ ಕೈ ಮುಗಿಯೋದು."

ಯಾವ ಕಾಲದಲ್ಲೋ ರಕ್ತಕ್ಕೆ ಸೇರಿದ ಕಾಮಾಲೆಯ ವೈರಸ್ಸು ಅವರ ಲಿವರನ್ನು ಕಲ್ಲು ಮಾಡಿತ್ತು. ಬೇರೆ ಲಿವರ್ ಹಾಕಿಸುವಷ್ಟು ಶಕ್ತಿ ಮೈಯಲ್ಲೂ ಇರಲಿಲ್ಲ, ಮನೆಯಲ್ಲೂ ಇರಲಿಲ್ಲ.

"ಸೊಂಟದ ಮೂಳೆ ಒಳಗಿಂದ ಅವರದ್ದೇ ಸ್ಟೆಮ್ ಸೆಲ್ ತೆಗೀತಾರೆ," ಮಹೇಂದ್ರ ನಿಧಾನವಾಗಿ ಬಿಡಿಸಿ ಹೇಳಿದ. "ಅದನ್ನ ರಕ್ತನಾಳದಲ್ಲಿ ಲಿವರ್‌ಗೆ ಬಿಡ್ತಾರೆ. ಲಿವರ್ ಚೇತರಿಸ್ಕೊಳ್ಳುತ್ತಾ ಅಂತ ನೋಡ್ತಿದ್ದಾರೆ. ಇನ್ನೂ ಪರೀಕ್ಷೆ ಮಾಡ್ತಿರೋದು. ಗ್ಯಾರಂಟಿ ಇಲ್ಲ."

"ಗ್ಯಾರಂಟಿ ಇಲ್ದೇ ಇರೋ ಮಾಲನ್ನ ನಿಂಬೆಹಣ್ಣು ಮಾರೋಳಿಗೇ ಮಾರ್ತೀರಾ?"

"ಸುಳ್ಳು ಹೇಳಿ ಮಾರಕ್ಕೆ ನನಗೆ ಬರಲ್ಲ."

ಆಶಾರಾಣಿ ಸುಮ್ಮನಾದಳು. ಅವಳು ಸುಮ್ಮನಾದದ್ದನ್ನು ಕಂಡವರು ಭೂಮಿಯ ಮೇಲೆ ಅಪ್ಪನನ್ನು ಬಿಟ್ಟರೆ ಇವನೊಬ್ಬನೇ.

ಆಮೇಲೆ ಟೆಸ್ಟುಗಳ ಓಡಾಟ ಶುರುವಾಯಿತು. ಬಂದಾಗಲೆಲ್ಲ ಬಯ್ಯುತ್ತಿದ್ದಳು. ಹೋಗುವಾಗ ಅವನ ಟೇಬಲ್ ಮೇಲೆ ಒಂದು ನಿಂಬೆಹಣ್ಣು ಇಟ್ಟು ಹೋಗುತ್ತಿದ್ದಳು. ಯಾಕೆ ಎಂದು ಅವನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಮೂಳೆಗೆ ಸೂಜಿ ಹಾಕುವ ದಿನ ಹತ್ತಿರ ಬಂತು. ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಾ ಖುಷಿಯಲ್ಲಿ ಅವಳು ಪಿಸುಗುಟ್ಟಿದಳು.

"ನಿಮಗ್ ಮಾತ್ರ ಹೇಳ್ತೀನಿ. ನಮ್ಮ ಬೀದಿ ಮಾರಕ್ಕಜ್ಜಿ ಭಾನುವಾರ ಹೊತ್ತು ಹುಟ್ಟೋಕ್ ಮುಂಚೆ ಅಪ್ಪಂಗೆ ನಾಟಿ ಔಷಧಿ ಕುಡಿಸ್ತಾಳೆ. ಎಂಥದೋ ಸೊಪ್ಪು, ಹಾಲಲ್ಲಿ ಅರೆದು. ಯಾರಿಗೂ ಹೇಳ್ಬಾರ್ದು. ಹೇಳಿದ್ರೆ ಗುಣ ಹೋಗುತ್ತೆ."

ಮಹೇಂದ್ರನ ಲೋಟ ಗಾಳಿಯಲ್ಲೇ ನಿಂತಿತು. ಟೀ ಅರ್ಧಕ್ಕೇ ಬಿಟ್ಟು ಎದ್ದ.

ಮಾರನೇ ದಿನ ಡಾಕ್ಟರು ಕರೆದು ಹೇಳಿದರು. ಸೊಪ್ಪಿನ ವಿಷಯ ಗೊತ್ತಾಗಿದೆ, ಮುನಿಆಂಜಿನಪ್ಪ ಸದ್ಯಕ್ಕೆ ಅಧ್ಯಯನದಲ್ಲಿಲ್ಲ. ಸೊಪ್ಪು ಪೂರ್ತಿ ಬಿಟ್ಟು ಕೆಲವು ತಿಂಗಳಾದ ಮೇಲೆ ಮತ್ತೆ ರಕ್ತ ನೋಡೋಣ.

ಕೆಲವು ತಿಂಗಳು... ಅಪ್ಪನ ಹತ್ತಿರ ಅಷ್ಟು ದಿನ ಇದೆಯಾ?

ಅವಳು ಕಾರಿಡಾರಿನಲ್ಲಿ ನಡೆದು ಬಂದ ರಭಸಕ್ಕೆ ಫ್ಯಾನುಗಳು ಉಲ್ಟಾ ತಿರುಗಿದವು.

"ನಿಮಗ್ ಮಾತ್ರ ಅಂದಿದ್ದೆ."

"ಹೌದು."

"ಸೊಪ್ಪಿನ ಗುಣನೂ ಹೋಯ್ತು, ನಿಮ್ಮ ಸೆಲ್ಲೂ ಹೋಯ್ತು. ನಮ್ಮಪ್ಪಂಗೆ ಇನ್ನೇನ್ ಉಳಿಸಿದ್ರಿ?"

"ಆ ಸೊಪ್ಪು ಯಾವುದು ಅಂತ ಯಾರಿಗೂ ಗೊತ್ತಿಲ್ಲ ಕಣ್ರೀ. ಅದ್ರಿಂದ ಲಿವರ್ ಇನ್ನೂ ಕೆಟ್ಟಿದ್ರೆ? ಸೂಜಿ ಹಾಕಿದ್ ಮೇಲೆ ರಕ್ತ ನಿಲ್ದೇ ಹೋದ್ರೆ? ಬಾಯ್ ಮುಚ್ಕೊಂಡಿದ್ರೆ ನಿಮ್ಮ ಕಣ್ಣಿಗೆ ಒಳ್ಳೆಯವನಾಗಿರ್ತಿದ್ದೆ. ಅಪ್ಪಂಗೆ ಏನಾದ್ರೂ ಆಗಿದ್ರೆ ಆ ಒಳ್ಳೆತನ ತಗೊಂಡು ಏನ್ ಮಾಡ್ಲಿ?"

"ಮೊದ್ಲು ನನಗೆ ಹೇಳ್ಬಹುದಿತ್ತಲ್ಲ."

ಅವನು ತಲೆ ತಗ್ಗಿಸಿದ. "ಅದು ನನ್ನ ತಪ್ಪು. ನಿಮ್ಮ ಮುಖ ನೋಡಿದ್ರೆ ಹೇಳಕ್ಕಾಗಲ್ಲ ಅಂತ ಹೆದರ್ಕೊಂಡೆ."

ಅವತ್ತು ಟೇಬಲ್ ಮೇಲೆ ನಿಂಬೆಹಣ್ಣು ಬೀಳಲಿಲ್ಲ.

ಮನೆಗೆ ಬಂದು ಮಾರಕ್ಕಜ್ಜಿಗೆ ಹೇಳಿದರೆ ಅವಳೂ ರೇಗಿದಳು. "ಬಾಯಿ ಬಿಟ್ಟೋಳು ನೀನು, ಆ ಉಡುಗನ್ನ ಯಾಕ್ ಬಯ್ತೀಯ?" ಅಪ್ಪ ಮಾತ್ರ ಸೊಪ್ಪಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು. "ಸಾಕಜ್ಜಿ. ಅವನು ನನ್ನ ಪ್ರಾಣ ಉಳೀಲಿ ಅಂತ ಲೆಕ್ಕ ಹಾಕವ್ನೆ. ಮಗಳ ಹತ್ರ ಬಯ್ಸಿಕೊಳ್ಳೋದನ್ನ ಲೆಕ್ಕ ಹಾಕಿಲ್ಲ."

ಆ ಮಾತು ಆಶಾರಾಣಿಯ ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿತು. ತಿಂಗಳುಗಳು ಉರುಳಿದವು. ಸಿಟ್ಟು ಆರಲಿಲ್ಲ. ಆದರೆ ಸಂತೆಯ ಗಲಾಟೆಯಲ್ಲೂ ಅವನ ದನಿ ಕೇಳಿದಂತಾಗುತ್ತಿತ್ತು... ಅದಕ್ಕೂ ಸಿಟ್ಟು!

ಒಂದು ದಿನ ಆಸ್ಪತ್ರೆಯಿಂದ ಫೋನ್ ಬಂತು. ಹೋಗಿ ರಕ್ತ ಕೊಟ್ಟು ಬಂದರು. ರಿಪೋರ್ಟು ಮೊದಲಿಗಿಂತ ವಾಸಿಯಾಗಿತ್ತು. ಅಪ್ಪನನ್ನು ಮತ್ತೆ ಸೇರಿಸಿಕೊಂಡರು.

ಸೂಜಿ ಹಾಕುವ ದಿನ ನೋಡಿದರೆ ಮಹೇಂದ್ರನ ಕುರ್ಚಿಯಲ್ಲಿ ನರ್ಸ್ ದ್ರೌಪದಮ್ಮ ಕೂತಿದ್ದರು.

"ಅವನೆಲ್ಲಿ? ನನಗೆ ಹೆದರಿ ಓಡೋದನಾ?"

"ನಿಮ್ಮಪ್ಪನ ಫೈಲು ಅವನು ಮುಟ್ಟಲ್ಲಮ್ಮ. ಇಲ್ಲಿ ಹಂಗೊಂದು ನಿಯಮ. ರೋಗಿ ಕಡೆಯವರ ಮೇಲೆ ಮನಸ್ಸಿಟ್ಟೋರು ಆ ರೋಗಿ ಕೇಸು ನೋಡಂಗಿಲ್ಲ. ಡಾಕ್ಟ್ರ ಮುಂದೆ ನಿಂತು ತಾನೇ ಒಪ್ಕೊಂಡ."

ಆಶಾರಾಣಿಯ ಕಿವಿ ಬಿಸಿಯಾಯಿತು. ಅಪ್ಪನನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲು ಮುಚ್ಚಿತು. ಅವಳು ಸೆರಗು ಸಿಕ್ಕಿಸಿಕೊಂಡು ಕಾರಿಡಾರಿನ ತುದಿಗೆ ಹೋದಳು. ಮಹೇಂದ್ರ ಅಲ್ಲೇ ಕಿಟಕಿಯ ಹತ್ತಿರ, ಅದೇ ಬಾಗಿಲನ್ನು ನೋಡುತ್ತಾ ನಿಂತಿದ್ದ.

"ಡಾಕ್ಟ್ರಿಗೆ ಹೇಳಿದ್ರಿ. ದ್ರೌಪದಮ್ಮಂಗೂ ಗೊತ್ತು. ನನಗೊಬ್ಬಳಿಗೆ ಯಾಕ್ರೀ ಹೇಳ್ಲಿಲ್ಲ?"

"ಹೇಳಿದ್ರೆ ಗುಣ ಹೋಗುತ್ತೆ ಅಂತ ನೀವೇ ಅಂದಿದ್ರಲ್ಲ..."

ನಗು ಬಂತು. ನಗು ಬಂದದ್ದಕ್ಕೆ ಸಿಟ್ಟು ಬಂತು. ಎರಡರ ನಡುವೆ ಕಣ್ಣು ತುಂಬಿತು.

"ಅದು ಸೊಪ್ಪಿಗೆ ಕಣ್ರೀ, ಇದಕ್ಕಲ್ಲ. ಬಾಯ್ ಬಿಡಿ."

"ನೀವು ಅಂದ್ರೆ ಇಷ್ಟ, ಆಶಾ. ಬಯ್ದ್ರೂ ಇಷ್ಟ."

"ಗ್ಯಾರಂಟಿನಾ?"

"ಇದೊಂದಕ್ಕೆ ಕೊಡ್ತೀನಿ."

ಅವಳು ಚೀಲದಿಂದ ನಿಂಬೆಹಣ್ಣು ತೆಗೆದು ಅವನ ಅಂಗೈಯಲ್ಲಿಟ್ಟಳು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇನ್ಮೇಲೆ ನನ್ನ ಗುಟ್ಟು ಯಾರಿಗಾದ್ರೂ ಹೇಳೋ ಹಂಗಿದ್ರೆ, ಮೊದ್ಲು ಬಂದು ನನ್ನ ಹತ್ರ ಬಯ್ಸಿಕೊಂಡು ಹೋಗ್ಬೇಕು."

"ಗುಟ್ಟಿಲ್ದೇ ಇದ್ರೆ?"

"ಆಗ್ಲೂ ಬನ್ನಿ," ಅಂದಳು, ಮುಚ್ಚಿದ ಬಾಗಿಲಿನಿಂದ ಕಣ್ಣು ಕೀಳದೆ. "ದಿನಾ ಬನ್ನಿ."