ನಾನೂರ ಹನ್ನೆರಡನೆಯ ಕಲ್ಲು

ಎರಡು ದಿನದ ಪ್ರವಾಸಕ್ಕೆ ಹೊರಟ ಹುಡುಗಿಯ ಬೆನ್ನುಚೀಲ ಎಷ್ಟು ತೂಗಬೇಕು ಎಂಬ ಪ್ರಶ್ನೆಯನ್ನು ಇದುವರೆಗೆ ಯಾವ ಸರ್ಕಾರವೂ ಗಂಭೀರವಾಗಿ ಪರಿಗಣಿಸಿಲ್ಲ. ತಕ್ಕಡಿ ಪರಿಗಣಿಸಿದ್ದಳು. ಶುಕ್ರವಾರ ಸಂಜೆಯೇ ಚೀಲವನ್ನು ಕೊಕ್ಕೆಗೆ ತೂಗುಹಾಕಿ, ಮುಳ್ಳು ನಿಲ್ಲುವವರೆಗೆ ಕಾದು, ಚೀಟಿಯಲ್ಲಿ ಬರೆದಿಟ್ಟಿದ್ದಳು: ಆರು ಕಿಲೋ ಇನ್ನೂರು ಗ್ರಾಂ.

ಮರುದಿನ ಅವಳು ಆ ಚೀಟಿಯನ್ನು ನಂಬಿದ್ದರೆ ಈ ಕಥೆಯೇ ಬೇರೆಯಾಗುತ್ತಿತ್ತು.

ತಕ್ಕಡಿ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಸಮುದ್ರ ದಾಟಿ ಭೂವಿಜ್ಞಾನ ಓದಲು ಬಂದ ಮೊದಲ ವಾರ ಅಂಟಿಕೊಂಡದ್ದು. (ಕಲ್ಲು ಓದೋಕೆ ಅಷ್ಟು ದೂರ ಹೋಗಬೇಕಾ, ನಮ್ಮ ಹಿತ್ತಲಲ್ಲೇ ಬೇಕಾದಷ್ಟು ಬಿದ್ದಿತ್ತಲ್ಲ ಎಂದು ಅಮ್ಮ ಇಂದಿಗೂ ಫೋನಿನಲ್ಲಿ ಕೇಳುತ್ತಾರೆ.) ಆ ವಿಭಾಗದಲ್ಲಿ ಒಂದು ಹಳೆಯ ತಮಾಷೆ ನಡೆದುಬಂದಿತ್ತು. ಹೊಸಬರ ಚೀಲಕ್ಕೆ ಗುಟ್ಟಾಗಿ ಕಲ್ಲು ಸೇರಿಸುವುದು. ಅವರು ದಿನವಿಡೀ ಅದನ್ನು ಹೊತ್ತು ಬೆಟ್ಟ ಸುತ್ತಿ, ಸಂಜೆ ಚೀಲ ಬಿಚ್ಚಿ ಕಂಗಾಲಾದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುವುದು.

ಇವಳು ಕಂಗಾಲಾಗಲಿಲ್ಲ. ಕಲ್ಲನ್ನು ಎತ್ತಿಕೊಂಡು ಹೋಗಿ ತೂಗಿದಳು. ಅದನ್ನು ಚೀಲಕ್ಕೆ ಸೇರಿಸಿ, ಸೊಂಟದಲ್ಲಿ ಸುತ್ತಿಗೆ ಸಿಕ್ಕಿಸಿಕೊಂಡು ನಿಂತಿದ್ದ ಹಿರಿಯ ವಿದ್ಯಾರ್ಥಿಯ ಮುಂದೆ ನಿಂತು ತೂಕದ ರಸೀದಿ ಚಾಚಿದಳು.

"ಒಂದು ಕಿಲೋ ನೂರ ನಲವತ್ತು ಗ್ರಾಂ. ಎಂಟು ಕಿಲೋಮೀಟರ್ ಹೊತ್ತು ತಂದಿದ್ದೀನಿ. ಸಹಿ ಹಾಕಿ."

ಎಲ್ಲರೂ ನಕ್ಕರು. ಸುತ್ತಿಗೆ ಎಂದೇ ಕರೆಸಿಕೊಳ್ಳುತ್ತಿದ್ದ ಅವನೊಬ್ಬ ನಗುವುದನ್ನು ಮರೆತು ಸಹಿ ಹಾಕಿದ.

ಅದಾಗಿ ಒಂದೂವರೆ ವರ್ಷ. ಈಗ ವಿಭಾಗದ ಕಲ್ಲಿನ ಉಗ್ರಾಣ ಅವಳ ಕೈಯಲ್ಲಿತ್ತು. ಯಾರೇ ಓದು ಮುಗಿಸಿ ಹೊರಟರೂ ಅವರು ಸಂಗ್ರಹಿಸಿದ ಕಲ್ಲುಗಳ ಪುಸ್ತಕದಲ್ಲಿ ಬರೆದ ಪ್ರತಿಯೊಂದು ಕಲ್ಲೂ ಬರೆದ ಜಾಗದಲ್ಲೇ ಇದೆ ಎಂದು ಅವಳು ಗುರುತು ಹಾಕಿ, ಕೊನೆಗೆ ಸಹಿ ಮಾಡಬೇಕು. ಆ ಸಹಿಯಿಲ್ಲದೆ ಬಿಡುಗಡೆಯ ಪತ್ರವಿಲ್ಲ. ಅವಳು ಒಂದು ಗ್ರಾಮನ್ನೂ ಸುಳ್ಳು ಬರೆದವಳಲ್ಲ.

ಸುತ್ತಿಗೆಗೆ ಸಮೀಕ್ಷೆಯ ಹಡಗೊಂದರಿಂದ ಕರೆ ಬಂದಿತ್ತು. ಮೂರು ವರ್ಷ ನೀರಿನ ಮೇಲೆ. ಶನಿವಾರ ಸಂಜೆ ಆರರೊಳಗೆ ಒಪ್ಪಿಗೆ ಕಳಿಸಬೇಕು, ಸೋಮವಾರ ಹೊರಡಬೇಕು. ವಿಭಾಗದಲ್ಲೂ ಅವನಿಗೊಂದು ಕೆಲಸದ ಜಾಗ ಅದೇ ಆರು ಗಂಟೆಯವರೆಗೆ ಕಾಯುತ್ತಿತ್ತು. ಎಲ್ಲಿಗೆ ಎಂದು ಕೇಳಿದರೆ 'ನೋಡೋಣ' ಎನ್ನುತ್ತಿದ್ದ.

ಬೆಟ್ಟದ ಮೇಲೆ ಹೇಳಿಬಿಡಬೇಕು, ಹೋಗಬೇಡ ಅಂತ... ತಕ್ಕಡಿ ವಾಕ್ಯವನ್ನು ವಾರದಿಂದ ತೂಗಿನೋಡಿದ್ದಳು. ಒಂದೇ ಪದ ಸಾಕಿತ್ತು.

ಶನಿವಾರ ಬೆಳಿಗ್ಗೆ ನಾಲ್ವರು ಹೊರಟರು. ಕಾರು ಓಡಿಸಿದವನು ಅಜ್ಜ. ವಯಸ್ಸು ಮೂವತ್ತಮೂರು, ಒಂಬತ್ತು ವರ್ಷದಿಂದ ಒಂದೇ ಪ್ರಬಂಧ ಬರೆಯುತ್ತಿದ್ದುದರಿಂದ ಬಂದ ಬಿರುದು. ಜೊತೆಗೆ ತಕ್ಕಡಿಯ ಕೋಣೆಯ ಗೆಳತಿ ಡಾಕ್ಟರಮ್ಮ. ಇನ್ನೂ ಎರಡನೇ ವರ್ಷದ ವೈದ್ಯ ವಿದ್ಯಾರ್ಥಿನಿಯಾದರೂ ಯಾರು ಸೀನಿದರೂ ಕಾಯಿಲೆಯ ಹೆಸರು ಹೇಳುವವಳು. ಚೀಲಗಳನ್ನೆಲ್ಲ ಡಿಕ್ಕಿಗೆ ತುಂಬಿದವನು ಸುತ್ತಿಗೆ.

ಸರೋವರದ ಪಕ್ಕದ ವಸತಿಗೃಹದ ಬಳಿ ಕಾರು ನಿಲ್ಲಿಸಿ, ಚೀಲ ಹೆಗಲಿಗೇರಿಸಿ ಬೆಟ್ಟ ಹತ್ತತೊಡಗಿದರು. ತಕ್ಕಡಿಗೆ ಚೀಲ ಭಾರವೆನಿಸಿತು. ಚೀಲದ್ದಲ್ಲ, ಮನಸ್ಸಿನದು ಎಂದುಕೊಂಡಳು. ಪ್ರೀತಿಸುವವರು ಸಾಮಾನ್ಯವಾಗಿ ಮಾಡುವ ತಪ್ಪು ಇದು. ಉಗ್ರಾಣ ನೋಡಿಕೊಳ್ಳುವವರು ಮಾಡಬಾರದು.

ನೀರಿನ ಮೇಲೆ ಚಾಚಿಕೊಂಡ ಬಂಡೆಯ ಹತ್ತಿರ ಅವಳು ಮೊದಲು ತಲುಪಿದಳು. ಅವನು ಇನ್ನೂ ಕೆಳಗಿನ ತಿರುವಿನಲ್ಲಿದ್ದ. ಕುಡಿಯುವ ನೀರಿಗೆಂದು ಚೀಲದೊಳಗೆ ಕೈಹಾಕಿದಾಗ ಕಾಗದದಲ್ಲಿ ಸುತ್ತಿದ್ದ ಏನೋ ಸಿಕ್ಕಿತು. ಬಿಚ್ಚಬೇಕಾಗಿರಲಿಲ್ಲ. ಕಲ್ಲು. ಒಂದು ಕಿಲೋ ಮೇಲೆ ಚಿಲ್ಲರೆ ಎಂದು ಕೈ ತಾನಾಗಿಯೇ ಹೇಳಿತು.

ಹಾಗಾದರೆ ಇವನ ಲೆಕ್ಕದಲ್ಲಿ ನಾನು ಇಂದಿಗೂ ಮೊದಲ ವಾರದ ಹೊಸಬಳು... ಕೊನೆಯ ದಿನವೂ ತಮಾಷೆಗೆ ಸಿಕ್ಕವಳು!

ಕಾಗದ ಸಮೇತ ಬೀಸಿ ಎಸೆದಳು. ಸರೋವರ ಅದನ್ನು ಒಂದೇ ಗುಟುಕಿಗೆ ನುಂಗಿತು. ತಿರುಗಿ ನೋಡಿದಾಗ ಸುತ್ತಿಗೆ ತಿರುವಿನಲ್ಲಿ ನಿಂತಿದ್ದ.

ತುಂಬ ಹೊತ್ತಿನ ಮೇಲೆ ಹತ್ತಿರ ಬಂದ.

"ನೋಡಿದ್ಯಾ?"

"ನೋಡೋದೇನು? ಒಂದೂವರೆ ವರ್ಷದಿಂದ ನೋಡ್ತಾನೇ ಇದ್ದೀನಿ. ಸಾಕಾಗಿದೆ ನನಗೆ."

ಅವನು ತಲೆಯಾಡಿಸಿದ. ಅವಳ ಚೀಲ ತಾನು ಹೊರುತ್ತೇನೆಂದ, ಅವಳು ಕೊಡಲಿಲ್ಲ. ಇಳಿಯುವಾಗ ಅಜ್ಜ ತನ್ನ ಪ್ರಬಂಧದ ಏಳನೇ ಅಧ್ಯಾಯವನ್ನು ವಿವರಿಸಿದ. ಮೊದಲ ಬಾರಿಗೆ ಯಾರೂ ಅವನನ್ನು ತಡೆಯಲಿಲ್ಲ.

ಐದೂಮುಕ್ಕಾಲಿಗೆ ಸುತ್ತಿಗೆ ವಸತಿಗೃಹದ ಬಾಗಿಲ ಬಳಿ ಫೋನಿನಲ್ಲಿ ಒಪ್ಪಿಗೆ ಕಳಿಸಿದ. ಸುದ್ದಿಯನ್ನು ಅಜ್ಜ ಊಟದ ಮೇಜಿಗೆ ತಂದ. ಡಾಕ್ಟರಮ್ಮ ಅಭಿನಂದಿಸಿದಳು. ತಕ್ಕಡಿಯೂ ಅಭಿನಂದಿಸಿದಳು, ಅವಳ ದನಿ ರಸೀದಿ ಓದಿದಂತಿತ್ತು.

ಭಾನುವಾರ ಬೆಳಿಗ್ಗೆ, ಮೂವರೂ ಹೊರಗಿದ್ದಾಗ, ಸಹಿಗೆಂದು ಅವನು ಮೊದಲೇ ಕೊಟ್ಟಿದ್ದ ಪುಸ್ತಕವನ್ನು ಚೀಲದಿಂದ ತೆಗೆದು ತೆರೆದಳು. ಹೋಗುವವನು ಹೋಗಲಿ, ಕೆಲಸ ಮುಗಿಯಲಿ. ನಾನೂರ ಹನ್ನೊಂದು ಕಲ್ಲುಗಳೂ ಸರಿಯಾಗಿದ್ದವು. ಎಲ್ಲವನ್ನೂ ಅವಳೇ ಕಪಾಟಿಗೆ ಸೇರಿಸಿದವಳು, ಯಾವುದು ಎಲ್ಲಿದೆ ಎಂದು ಇಲ್ಲಿಂದಲೇ ಹೇಳಬಲ್ಲಳು.

ಕೊನೆಯ ಪುಟದಲ್ಲಿ ಇನ್ನೊಂದಿತ್ತು.

'೪೧೨. ಗ್ರಾನೈಟ್. ತೂಕ ಒಂದು ಕಿಲೋ ನೂರ ನಲವತ್ತು ಗ್ರಾಂ. ಮೊದಲ ವಾರ ಅವಳು ಹೊತ್ತು ತಂದದ್ದು, ನಂತರ ನನ್ನ ಮೇಜಿನ ಮೇಲಿದ್ದದ್ದು. ಅಡಿಯಲ್ಲಿ ಬರಹವಿದೆ. ಈಗಿರುವ ಜಾಗ: ತಕ್ಕಡಿಯ ಹತ್ತಿರ.'

ಅವಳು ಸಾಲನ್ನು ಮೂರು ಸಲ ಓದಿದಳು. ಮೂರು ಸಲವೂ ಅಷ್ಟೇ ತೂಗಿತು.

ಸುತ್ತಿಗೆ ದಡದಲ್ಲಿ ಕೂತು ಬೂಟಿನ ಕೆಸರು ಕೆರೆಯುತ್ತಿದ್ದ.

"ನಾನು ಬಿಚ್ಚಿ ನೋಡಲಿಲ್ಲ," ಎಂದಳು.

"ಏನನ್ನ?"

"ಕಾಗದಾನ. ಹಾಗೇ ಎಸೆದೆ. ಮತ್ತೆ ತಮಾಷೆ ಮಾಡಿದೆ ಅಂದ್ಕೊಂಡೆ."

ಬೂಟು ಅವನ ಕೈಯಲ್ಲೇ ಉಳಿಯಿತು.

"ಅಡಿಯಲ್ಲಿ ಏನು ಬರೆದಿತ್ತು?"

"ಈಗ ಯಾಕೆ ಅದು?"

"ಉಗ್ರಾಣಕ್ಕೆ ಬೇಕು."

ಅವನು ನೀರನ್ನೇ ನೋಡಿದ. "ಬೇಡ ಅನ್ನು, ಹೋಗಲ್ಲ. ಅಷ್ಟೇ. ಬಿಳಿ ಬಣ್ಣದಲ್ಲಿ ಬರೆದಿದ್ದೆ. ಕಲ್ಲು ಇನ್ನೂ ದೊಡ್ಡದಿದ್ದರೆ ಜಾಸ್ತಿ ಬರೀತಿದ್ದೆ."

"ಬೇಡ," ಎಂದಳು ತಕ್ಕಡಿ.

"ನಿನ್ನೆ ಕಳಿಸಿಬಿಟ್ಟೆ ಕಣೇ."

"ಗೊತ್ತು. ಆದ್ರೂ ಹೇಳಿದೆ."

ಅವನು ಅಲ್ಲಿಂದಲೇ ಫೋನು ಮಾಡಿದ. ವಿಭಾಗದ ಮುಖ್ಯಸ್ಥರು ಕನಿಕರದಿಂದಲೇ ಮಾತಾಡಿದರು. ಜಾಗವನ್ನು ಹಿಂದಿನ ಸಂಜೆ ಆರೂಕಾಲಿಗೆ ಇನ್ನೊಬ್ಬರಿಗೆ ಕೊಟ್ಟಾಗಿತ್ತು. ಅವನೂ ಸಮುದ್ರ ದಾಟಿ ಬಂದವನೇ; ಹಡಗು ಬಿಟ್ಟರೆ ಈ ದೇಶದಲ್ಲಿ ಇರಲು ಅವನ ವೀಸಾದಲ್ಲಿ ಉಳಿದದ್ದು ಹನ್ನೊಂದು ದಿನ, ಆಮೇಲೆ ಬರಿಗೈಯಲ್ಲಿ ಊರಿಗೆ.

ಆಗ ಇಬ್ಬರೂ ಮಾಡಿದ ಕೆಲಸಕ್ಕೆ ಅರ್ಥವಿರಲಿಲ್ಲ. ಪ್ಯಾಂಟು ಮಡಚಿಕೊಂಡು, ಬಂಡೆಯ ಕೆಳಗೆ ಮೊಣಕಾಲು ನೀರಿನಲ್ಲಿ ಇಳಿದು ಕಲ್ಲು ಹುಡುಕಿದರು. ವಿಷಯ ತಿಳಿದ ಡಾಕ್ಟರಮ್ಮ, ಇಷ್ಟು ತಣ್ಣಗಿನ ನೀರಿನಲ್ಲಿ ಕಾಲು ಎಷ್ಟು ನಿಮಿಷಕ್ಕೆ ಮರಗಟ್ಟುತ್ತದೆಂದು ತಿಳಿಸಿ, ತಾನೂ ಇಳಿದಳು. ನಾಲ್ಕು ಹೆಜ್ಜೆ ಆಚೆಗೆ ನೆಲವೇ ಇರಲಿಲ್ಲ, ಬರೀ ಕಪ್ಪು ನೀರು. ಕೆರೆ ತುಂಬ ಕಲ್ಲೇ ಅಲ್ಲವಾ, ಯಾವುದಾದರೂ ಒಂದು ತಗೊಂಡು ಬನ್ನಿ ಎಂದ ಅಜ್ಜ ದಡದಿಂದ. ಯಾರೂ ನಗದಿದ್ದಾಗ ಅವನೂ ಬೂಟು ಬಿಚ್ಚಿದ.

ಮಧ್ಯಾಹ್ನದವರೆಗೆ ಹುಡುಕಿದರು. ಬೇರೆ ಕಲ್ಲುಗಳು ಸಿಕ್ಕವು.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಅವನು ಉಗ್ರಾಣಕ್ಕೆ ಬಂದ. ಮೇಜಿನ ಮೇಲೆ ಪುಸ್ತಕ ತೆರೆದಿತ್ತು. ನಾನೂರ ಹನ್ನೆರಡರ ಮುಂದಿನ ಚೌಕ ಇನ್ನೂ ಖಾಲಿ.

ಖಾಲಿ ಬಿಟ್ಟರೆ ಅವನು ಹೋಗುವಂತಿಲ್ಲ. ನಿಯಮವೂ ಅವಳ ಕಡೆಗೇ ಇತ್ತು. ಇಬ್ಬರಿಗೂ ಅದು ಗೊತ್ತಿತ್ತು.

"ಬಿಟ್ಟುಬಿಡು ಅದನ್ನ," ಎಂದ. "ನಾನು ಇಲ್ಲೇ ಕೂತಿರ್ತೀನಿ."

"ಹನ್ನೊಂದು ದಿನ?"

"ಹನ್ನೊಂದು ದಿನ."

ಅವಳು ಅವನ ಮುಖ ನೋಡಿದಳು. ಕಲ್ಲಿನ ಹಿಂದೆ ಹತ್ತು ವರ್ಷ ಅಲೆದವನು. ಹನ್ನೆರಡನೆಯ ದಿನ ಊರಿನ ಯಾವುದೋ ಕೋಣೆಯಲ್ಲಿ ಇವನು ಕೂತಿರುತ್ತಾನೆ, ಸುತ್ತಿಗೆ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ... ಅದನ್ನೂ ನಾನೇ ಮಾಡಿದೆ ಅಂತಾಗುತ್ತದೆ.

ಪೆನ್ನು ತೆಗೆದು ಚೌಕದಲ್ಲಿ ಗುರುತು ಹಾಕಿದಳು. ಕೆಳಗೆ ಸಹಿ ಮಾಡಿದಳು. ಕಲ್ಲು ನಾನೂರ ಹನ್ನೆರಡು, ತಕ್ಕಡಿಯ ಹತ್ತಿರ ಇದೆ.

"ಸುಳ್ಳು ಬರೆದೆಯಲ್ಲೇ," ಎಂದ ಅವನು.

"ಹೂಂ."

"ತಕ್ಕಡಿ ಸುಳ್ಳು ಹೇಳುತ್ತಾ?"

"ಇದೊಂದು ಸಲ." ಪುಸ್ತಕ ಮುಚ್ಚಿ ಅವನ ಕಡೆ ತಳ್ಳಿದಳು. "ಸ್ವೆಟರ್ ಇಟ್ಕೊಂಡಿದ್ದೀಯಾ?"

"ಎರಡು ಇಟ್ಟಿದ್ದೀನಿ."

"ಮೂರು ಬೇಕು."

ಅವನು ಮೇಜಿನ ಆಚೆಯಿಂದ ಕೈ ಚಾಚಿ, ಶಾಯಿ ಹತ್ತಿದ ಅವಳ ಬೆರಳನ್ನು ಹಿಡಿದುಕೊಂಡ. ಬಸ್ಸಿನ ಹೊತ್ತಾಗುವವರೆಗೆ ಇಬ್ಬರೂ ಹಾಗೇ ಇದ್ದರು.

ಹತ್ತೂ ಇಪ್ಪತ್ತಕ್ಕೆ ಬಸ್ಸು ಬಂತು. ಅವನು ಹೋದ. ಕಲ್ಲು ಸರೋವರದಲ್ಲಿದೆ.