ಕಲ್ಲುಸಿಂಹ ನಡೆದ ಕಡತ

ಬಹಳ ಹಿಂದೆ, ಹೊಂಬಿದಿರು ಎಂಬ ರಾಜ್ಯದಲ್ಲಿ, ಜನ ನಡುಹಗಲಲ್ಲೇ ನಿದ್ದೆಹೋಗತೊಡಗಿದರು. ಹೋದವರು ಏಳಲಿಲ್ಲ. ಅವರಿಗೆ ಉಸಿರಿತ್ತು, ನೆರಳಿರಲಿಲ್ಲ.

ಕಾರಣ ಹೇಳಬಲ್ಲದ್ದು ಅರಮನೆಯಂಗಳದ ಕಲ್ಲುಸಿಂಹ ಒಂದೇ. ಬರೆದ ಕಡತ ಹಾಸಿದರೆ ಸಿಂಹ ಅದರ ಮೇಲೆ ಸಾಲುಸಾಲಾಗಿ ನಡೆದು, ಕಂಡದ್ದನ್ನು ನುಡಿಯುತ್ತಿತ್ತು. ಆದರೆ ಮೂರೇ ಸಲ. ಮೂರನೆಯದೂ ಕೆಟ್ಟರೆ ಹಾಸಿದವರು ಕಲ್ಲಾಗಬೇಕು.

ರಾಣಿ ಮೂರು ತಿಂಗಳು, ತಿಂಗಳಿಗೊಮ್ಮೆ, ಮನೆಮನೆಗೆ ಆಳು ಕಳಿಸಿ ಕೇಳಿಸಿದಳು: ಯಾವ ನೀರು ಕುಡಿದಿರಿ? ಯಾವ ಸಂತೆಗೆ ಹೋದಿರಿ? ಯಾರಿಗೆ ಎಚ್ಚರವಿದೆ? ಹುಣಸೆಬೀಜದ ಅಂಟಿಗೆ ಮಸಿ ಕಲಸಿ ಬಳಿದ ಕರಿಬಟ್ಟೆಯ ಮೇಲೆ, ಮನೆಗೊಂದು ಸಾಲಿನಂತೆ, ಬಳಪದಲ್ಲಿ ಉತ್ತರಗಳನ್ನು ಬರೆದರು. ಅರಮನೆಯ ಬರಹಗಾರ ಮಾಚಿಗ ಆ ಕಡತ ಕಾಯುತ್ತಿದ್ದ.

ನೇಕಾರರ ಕೆಂಚಾಂಬೆಯ ತಂಗಿ ದುಗ್ಗಲೆಯೂ ಮಲಗಿದ್ದಳು. ಕೆಂಚಾಂಬೆ ಅರಮನೆಗೆ ಬಂದು, "ಕಡತ ನಾನು ಹಾಸ್ತೀನಿ" ಎಂದಳು.

"ಹಾಸವ್ವಾ, ಹಾಸು," ಮಾಚಿಗ ನಕ್ಕ. "ಕಲ್ಲಾದರೆ ಬಟ್ಟೆ ಒಗೆಯೋಕಾದರೂ ಬರ್ತೀಯ."

ಸಿಂಹ ಮೊದಲ ಸಲ ನಡೆಯಿತು. "ಇಲ್ಲೊಂದು ಪ್ರಾಣಿಗೆ ಏಳು ಬಾಯಿ. ನಾಲ್ಕು ಮಲಗಿವೆ, ಮೂರು ಎದ್ದಿವೆ. ಇಂಥದ್ದನ್ನು ನಾನರಿಯೆ."

ಒಂದು ಸಾಲು ಅಂದರೆ ಸಿಂಹಕ್ಕೆ ಒಂದು ಜೀವ. ಕೆಂಚಾಂಬೆ ಮನೆಗಳನ್ನು ಬಿಡಿಸಿ, ತಲೆಗೊಂದು ಸಾಲು ಬರೆದಳು.

ಸಿಂಹ ಎರಡನೆಯ ಸಲ ನಡೆಯಿತು. "ಇವಳು ಮೂರು ನೀರು ಒಟ್ಟಿಗೇ ಕುಡಿದಳು. ಒಂದೇ ಗಳಿಗೆಯಲ್ಲಿ ಎದ್ದೂ ಇದ್ದಾಳೆ, ಮಲಗಿಯೂ ಇದ್ದಾಳೆ."

ಸಿಂಹಕ್ಕೆ ಕಾಲದ ಹಿಂದುಮುಂದು ತಿಳಿಯದು. ಕೆಂಚಾಂಬೆ ಒಬ್ಬೊಬ್ಬರಿಗೂ ತಿಂಗಳಿಗೊಂದರಂತೆ ಮೂರು ಸಾಲು ಮಾಡಿದಳು: ಮೊದಲ ಚೌಕದಲ್ಲಿ ಹೆಸರು, ಎರಡನೆಯದರಲ್ಲಿ ತಿಂಗಳು, ಆಮೇಲೆ ಉತ್ತರ. ಕಡತ ಅಂಗಳ ದಾಟಿ ಮೆಟ್ಟಿಲಿಳಿಯಿತು.

ಬರೆಯುತ್ತ ಅವಳ ಕೈ ನಿಂತಿತು. "ಅಯ್ಯಾ, ಕುಂಬಾರರ ಮನೆಯವರು ಕುಡಿದ ನೀರು ಸೊನ್ನೆಯೆ? ನೀರಿಲ್ಲದೆ ಮೂರು ತಿಂಗಳು ಬದುಕಿದರೇ?"

"ಯಾರೂ ಹೋಗಿ ಕೇಳಲಿಲ್ಲ. ಖಾಲಿ ಚೌಕ ಚೆನ್ನಾಗಿ ಕಾಣಲ್ಲ ಅಂತ ತುಂಬಿದೆ," ಎಂದ ಮಾಚಿಗ.

"ಕೇಳದ್ದು ಬೇರೆ, ಇಲ್ಲದ್ದು ಬೇರೆ." ಅವಳು ಒದ್ದೆಬಟ್ಟೆಯಿಂದ ಆ ಸೊನ್ನೆಗಳನ್ನು ಒರೆಸಿ, ಕೇಳಿಲ್ಲವೆಂದು ಗೀಟೆಳೆದಳು. ಒರೆಸಿದ ಒಂದೊಂದು ಚೌಕದಿಂದಲೂ ತಣ್ಣನೆಯ ಉಸಿರು ಬಂತು.

ಕೊನೆಗೆ ದುಗ್ಗಲೆಯ ಸಾಲು. ಮೂರನೆಯ ತಿಂಗಳು, ಎಚ್ಚರದ ಚೌಕ. ಅದರ ಉತ್ತರ ಕೆಂಚಾಂಬೆಗೆ ಯಾರನ್ನೂ ಕೇಳದೆಯೇ ಗೊತ್ತಿತ್ತು.

"ಅಕ್ಕಾ," ಎಂದಿತು ತಂಗಿಯ ದನಿ. ಅಲುಗಿದ್ದು ಮಾಚಿಗನ ತುಟಿ. "ಎದ್ದಳು ಅಂತ ಬರಿಯೇ. ಸಿಂಹ ಬರೆದದ್ದನ್ನು ನಂಬುತ್ತೆ. ನಾನು ಎದ್ದುಬಿಡ್ತೀನಿ."

ಬಳಪ ಬಟ್ಟೆಗೆ ತಾಗಿ ಬಹಳ ಹೊತ್ತು ಹಾಗೇ ಇತ್ತು. ಆಮೇಲೆ ಕೆಂಚಾಂಬೆ ದುಂಡಗೆ ಬರೆದಳು: ಏಳಲಿಲ್ಲ.

ಸಿಂಹ ಮೂರನೆಯ ಸಲ ನಡೆಯಿತು. ಗೀಟಿದ್ದ ಚೌಕಗಳನ್ನು ದಾಟಿ ಕಾಲಿಟ್ಟಿತು. ಕೊನೆಯ ಮೆಟ್ಟಿಲಲ್ಲಿ ತಿರುಗಿ ನಿಂತಿತು.

"ಮಲಗಿದವರೆಲ್ಲ ಮಲಗುವ ಹಿಂದಿನ ತಿಂಗಳು ಕುಡಿದದ್ದು ಕನ್ನಡಿಬಾವಿಯ ನೀರು. ಬೇರೆ ನೀರನ್ನಷ್ಟೇ ಕುಡಿದ ಒಬ್ಬರೂ ಮಲಗಿಲ್ಲ."

ರಾಣಿ ಬಾವಿ ಬತ್ತಿಸಿದಳು. ತಳದಲ್ಲಿ ನೆರಳುಗಳು ಒಂದರ ಮೇಲೊಂದು ಒಟ್ಟಿದ್ದವು. ಅವನ್ನು ಅಲ್ಲಿ ಕೂಡಿಟ್ಟವನು ಮಾಚಿಗ; ಊರೂರಲ್ಲಿ ಇಂಥ ನೆರಳುಗಳ ಆಯಸ್ಸು ಉಂಡೇ ಅವನು ನೂರಾರು ವರ್ಷ ಬದುಕಿದ್ದ. ನೆರಳುಗಳು ಮೇಲೆದ್ದು, ಸದ್ದಿಲ್ಲದೆ ಬೀದಿಯುದ್ದ ನಡೆದು, ತಂತಮ್ಮ ಮನೆ ಹೊಕ್ಕವು. ಮಾಚಿಗ ನಿಂತಲ್ಲೇ ಹಿಡಿ ಮಸಿಯಾಗಿ ಉದುರಿದ.

ಕೆಂಚಾಂಬೆ ಮನೆಗೋಡಿ ತಂಗಿಯ ಕೈ ಹಿಡಿದಳು. ದುಗ್ಗಲೆ ಕಣ್ಣು ಬಿಟ್ಟಳು. "ಅಕ್ಕಾ, ಕೈ ನೋಯ್ತಿದೆ, ಬಿಡೇ."

ಕೆಂಚಾಂಬೆ ಬಿಡಲಿಲ್ಲ.

ಅಂದಿನಿಂದ ಹೊಂಬಿದಿರಿನ ಜನ ಹೊತ್ತಿಗೆ ಮಲಗಿದರು, ಹೊತ್ತಿಗೆ ಎದ್ದರು, ಸುಖವಾಗಿ ಬಾಳಿದರು.