ಬಿಳಿ ತೋಗಾಕ್ಕೆ ಬಿದ್ದ ನುಸಿ

"ಈ ಸಲದ ತೋಗಾ ನೆರೀನಾ ನೇಯ್ಲಿ, ಎರ್ಸಿಲಿಯಾ. ನಿಮ್ಮ ಕೈ ನಡುಗುತ್ತೆ, ಅಂಚು ಸೊಟ್ಟ ಬರ್ತಿದೆ," ಎಂದಿದ್ದ ಮೆರವಣಿಗೆ ತಂಡದ ಮುಖ್ಯಸ್ಥ ಗವೀನೊ, ಎಲ್ಲರೆದುರಿಗೇ. ಇಟಲಿಯ ಅಕ್ವಿಲೇಯಾ ಊರಿನ ಜೂನ್ ಮೆರವಣಿಗೆಯಲ್ಲಿ ರೋಮನ್ ಅಧಿಕಾರಿಯ ವೇಷ ಹಾಕುವವನಿಗೆ ಮೂವತ್ತೊಂದು ವರ್ಷ ಮೈಗೆ ಸುತ್ತುವ ತೋಗಾ ಎಂಬ ಉಣ್ಣೆಬಟ್ಟೆ ನೇಯ್ದವಳು ಎರ್ಸಿಲಿಯಾ. ಹಾಸಿನೆಳೆಗಳ ತುದಿಗೆ ಮಣ್ಣಿನ ಗುಂಡು ಕಟ್ಟಿ, ನಿಂತುಕೊಂಡೇ ನೇಯುವ ಆ ಕಾಲದ ಮಗ್ಗವನ್ನು ಹಳೇ ಚಿತ್ರಗಳನ್ನು ನೋಡಿ ಕಟ್ಟಿದವಳೂ ಅವಳೇ. ನೆರೀನಾ ಅವಳ ಗಂಡನ ತಂಗಿಯ ಮಗಳು. ಅವಳಿಗೆ ಕದಿರು ಹಿಡಿಯಲು ಕಲಿಸಿದ್ದೇ ಎರ್ಸಿಲಿಯಾ. ಆ ಹುಡುಗಿ ಬೇಡ ಅನ್ನಬಹುದಿತ್ತು. ತಲೆ ತಗ್ಗಿಸಿ ಒಪ್ಪಿಕೊಂಡಳು.

ಗಂಡ ಇದ್ದಿದ್ದರೆ ಗವೀನೊನ ಬಾಯಿ ಮುಚ್ಚಿಸುತ್ತಿದ್ದ. ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಹಾಸಿಗೆ ಹಿಡಿದಾಗ ಎರ್ಸಿಲಿಯಾ, ನೆರೀನಾ ಸೇರಿ ಬಣ್ಣ ಹಾಕಿ ನೇಯ್ದ ನೀಲಿ ಹೊದಿಕೆಯನ್ನು ಹೊದಿಸಿಯೇ ಮಣ್ಣು ಮಾಡಿದ್ದರು. ಆ ನೀಲಿಯಲ್ಲಿ ಉಳಿದದ್ದು ಎರ್ಸಿಲಿಯಾ ಡಬ್ಬಿಯಲ್ಲಿಟ್ಟುಕೊಂಡ ಅಂಗೈಯಗಲದ ತುಂಡೊಂದೇ. ಫೆಬ್ರವರಿಯಲ್ಲೊಂದು ದಿನ ಅದನ್ನು ಮುಟ್ಟಬೇಕೆನಿಸಿ ಡಬ್ಬಿ ತೆರೆದರೆ, ನುಸಿ ಹಿಡಿದು ಅರ್ಧ ಪುಡಿಯಾಗಿತ್ತು. ಅಡುಗೆಮನೆಯ ನೆಲದ ಮೇಲೆ ಕುಳಿತು ಅತ್ತಳು. ಅಳು ನಿಂತ ಮೇಲೂ ಹುಳುಗಳನ್ನು ಹೊಸಕಲಿಲ್ಲ. ಮುಚ್ಚಳ ಹಾಕಿಟ್ಟಳು.

ನುಸಿಗೆ ಬೆರಳಚ್ಚಿಲ್ಲ. ಉಣ್ಣೆಯಿದ್ದಲ್ಲಿ ಅದು ಬರುತ್ತದೆ; ಯಾರೂ ಯಾರನ್ನೂ ದೂರುವುದಿಲ್ಲ. ಮಾರ್ಚ್‌ನ ಒಂದು ಭಾನುವಾರ ನೆರೀನಾಳ ಮನೆಗೆ ಊಟಕ್ಕೆ ಹೋದಳು. ನೆರೀನಾ ಒಲೆಯ ಮುಂದೆ ಮೆಕ್ಕೆಜೋಳದ ಹಿಟ್ಟಿನ ಪೊಲೆಂಟಾ ತಿರುವುತ್ತಿದ್ದಳು.

"ನೇಯ್ದಿದ್ದು ನೋಡ್ಲೇನೇ?"

"ಪೆಟ್ಟಿಗೇಲಿದೆ, ನೋಡಿ ಅತ್ತೆ. ತಪ್ಪಿದ್ರೆ ಬೈಬೇಡಿ ಮತ್ತೆ!"

ತಪ್ಪಿರಲಿಲ್ಲ. ಬಣ್ಣ ಹಾಕದ ಬಿಳಿ ಉಣ್ಣೆ, ನೆಟ್ಟಗಿನ ಅಂಚು. ತನ್ನ ಪ್ರಾಯದ ಕೈಗಳೇ ನೇಯ್ದಂತಿತ್ತು. ಅದನ್ನೇ ಎರ್ಸಿಲಿಯಾಗೆ ಸಹಿಸಲಾಗಲಿಲ್ಲ. ಡಬ್ಬಿಯ ಹುಳುಗಳನ್ನು ತುಂಬಿ ಜೇಬಿನಲ್ಲಿ ತಂದಿದ್ದ ಕಾಗದದ ಪೊಟ್ಟಣವನ್ನು ಮಡಿಕೆಗಳ ಒಳಗೆ ಕೊಡವಿ, ಪೆಟ್ಟಿಗೆ ಮುಚ್ಚಿ ಬಂದು ಊಟ ಮಾಡಿದಳು. ಎರಡನೇ ಸಲ ಬಡಿಸಿಕೊಂಡಳು ಕೂಡ.

ಮೆರವಣಿಗೆಗೆ ಎರಡು ದಿನವಿದ್ದಾಗ ನೆರೀನಾಳ ಫೋನ್ ಬಂತು. ಎರ್ಸಿಲಿಯಾ ಹೋಗಿ ನೆರೀನಾಳನ್ನು ತಬ್ಬಿಕೊಂಡಳು. ತೋಗಾ ಜರಡಿಯಾಗಿತ್ತು.

"ನುಸಿ ಕಣೇ, ಯಾರ ಮನೇಲಿಲ್ಲ ಹೇಳು? ಅಳ್ಬೇಡ. ನನ್ನ ಹಳೇದಿದೆ, ಅದನ್ನೇ ಉಡಿಸೋಣ."

"ನಿಮ್ಮ ಕೈಲಿ ಭೇಷ್ ಅನ್ನಿಸ್ಕೊಳ್ಳೋಕೇ ಇಷ್ಟು ಒದ್ದಾಡಿದ್ದು, ಅತ್ತೆ. ಅವತ್ತು ಪೆಟ್ಟಿಗೆ ನೋಡಿ ಬಂದು ನೀವೊಂದು ಮಾತೂ ಆಡ್ಲಿಲ್ಲ."

ಗೆದ್ದ ಖುಷಿಗಾಗಿ ಎರ್ಸಿಲಿಯಾ ಕಾದಳು. ಬರಲಿಲ್ಲ.

ನೆರೀನಾ ಕಣ್ಣೊರೆಸಿಕೊಂಡು ಒಂದು ಹುಳುವನ್ನು ಅಂಗೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದಳು. ಆ ಜಾತಿಯ ಹುಳು ತಾನು ತಿಂದ ಉಣ್ಣೆಯಿಂದಲೇ ಮೈಗೊಂದು ಗೂಡು ಹೆಣೆದುಕೊಳ್ಳುತ್ತದೆ. ಬೆಳೆದಂತೆ ಎರಡೂ ತುದಿಗೆ ಹೊಸ ಎಳೆ ಸೇರಿಸಿಕೊಂಡು ಅದನ್ನು ಹೊತ್ತೇ ತಿರುಗುತ್ತದೆ. ಮಂಜಾದ ಕಣ್ಣಿನ ಎರ್ಸಿಲಿಯಾಗೆ ಪೊಟ್ಟಣ ಕಟ್ಟುವಾಗ ಅವು ಬರೀ ಮಾಸಲು ಕಾಳುಗಳಾಗಿ ಕಂಡಿದ್ದವು. ಆ ಗೂಡಿನ ತುದಿಗಳೆರಡೂ ಬಿಳಿ, ನಡುವೆ ಬೇರೆ ಬಣ್ಣ. ನೆರೀನಾ ಅದನ್ನು ಉಗುರಿನಿಂದ ಹೊರಳಿಸಿ ನೋಡಿದಳು. ಆಮೇಲೆ ತಲೆಯೆತ್ತದೆ, ಮೆಲ್ಲಗೆ ಕೇಳಿದಳು: "ಅತ್ತೆ, ಇದು ಮಾವನ ನೀಲಿ ಅಲ್ವಾ?"